ಕಿವಿರು ಕಿತ್ತ ಮೀನು

ಕೆಟ್ಟಿದ್ದು ಮೀನು, ಗಿರಿಜಕ್ಕನ ಕೈಯಲ್ಲ. ಇದನ್ನು ಅವತ್ತೇ ಹೇಳಬಹುದಿತ್ತು — ಹೇಳಲಿಲ್ಲ. ಸುಳ್ಳು ಹೇಳಿದೆ, ಅದೂ ನಾಲ್ಕು ಜನರ ಮುಂದೆ.

ನಾನು ಬಾಳ್ಳುಪೇಟೆಯ ಮೀನು ವ್ಯಾಪಾರಿ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಶುರು ಮಾಡಿ ಸ್ವಂತ ಗಾಡಿಯವರೆಗೆ ಬಂದವನು. ಕೊಳ್ಳಲು ಬಂದವರಿಗೆ ಪುಕ್ಕಟೆ ಬುದ್ಧಿ ಹೇಳುವುದು ನನ್ನ ಚಾಳಿ: ಬೆರಳಲ್ಲಿ ಒತ್ತಿ, ಗುಳಿ ಬಿದ್ದರೆ ಬಿಡಿ, ಕಿವಿರು ಎತ್ತಿ ನೋಡಿ, ಕೆಂಪಗಿಲ್ಲದಿದ್ದರೆ ಮುಟ್ಟಬೇಡಿ. ಜನ ನನ್ನನ್ನು ನಂಬಿದ್ದೇ ಈ ಮಾತಿನಿಂದ.

ಏಳೆಂಟು ವರ್ಷದ ಹಿಂದಿನ ಮಳೆಗಾಲ. ದೊಡ್ಡ ದೋಣಿಗಳು ಕಡಲಿಗೆ ಇಳಿಯದ ತಿಂಗಳು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಸಣ್ಣ ದೋಣಿಯವರು ಹಿಡಿದದ್ದೇ ಗತಿ. ರಾತ್ರಿಯೇ ಘಟ್ಟ ಇಳಿದು, ಬೆಳಕು ಹರಿಯುವಾಗ ಅಲ್ಲಿ ಹೋಗಿ ನಿಂತೆ. ನೀರಿನ ತುಂಬ ಕಂದು ನೊರೆ, ಮೇಲೆ ಎಣ್ಣೆಯ ಪೊರೆ. ಯಾವುದೋ ಕಾರ್ಖಾನೆ ಮಳೆಯ ಮರೆಯಲ್ಲಿ ತನ್ನ ಕೊಳೆನೀರನ್ನೆಲ್ಲ ಹರಿಯಬಿಟ್ಟಿತ್ತು ಎಂದರು. ಕಾಣೆ ಎಂಬ ಜಾತಿಯ ಮೀನುಗಳು ಉಸಿರಿಗಾಗಿ ಬಾಯಿ ತೆರೆದುಕೊಂಡು ದಡಕ್ಕೆ ಬಂದು ಬೀಳುತ್ತಿದ್ದವು. ಕಣ್ಣು ಬಿಳಿಚಿ ಉಬ್ಬಿದ್ದವು, ಮೈಮೇಲೆ ಹುಣ್ಣಾದವು. ಒಂದನ್ನು ಎತ್ತಿ ಕಿವಿರು ಬಿಡಿಸಿದೆ. ಕೆಂಪಿನ ಸುಳಿವಿಲ್ಲ, ಕಪ್ಪು ಲೋಳೆ. ಮೂಗಿಗೆ ಹಿಡಿದರೆ ಸೀಮೆಎಣ್ಣೆ.

"ಬಲೆ ಎಂತಕ್ಕೆ, ಕೈಯಲ್ಲೇ ಹೆಕ್ಕುವಷ್ಟು ಉಂಟು," ದೋಣಿಯವನು ನಕ್ಕ. "ನಾವು ತಿನ್ನುದಿಲ್ಲ ಮಾರಾಯ್ರೆ. ನೀವು ಘಟ್ಟದವರು ಬೇಕಾದ್ರೆ ಕೊಂಡೋಗಿ."

ಆ ಮಾತಿಗೆ ನಾಚಬೇಕಿತ್ತು. ನಾನು ಚೌಕಾಸಿಗೆ ಇಳಿದೆ.

ಗಾಡಿಯ ಹಿಂದೆ ಕೂತು ಒಂದೊಂದರ ಕಿವಿರನ್ನೂ ಕಿತ್ತೆಸೆದೆ, ಹುಣಸೆ ನೀರಲ್ಲಿ ತೊಳೆದೆ, ಐಸಿನಲ್ಲಿ ಮುಚ್ಚಿದೆ. ಉಗುರಿನ ಸಂದಿಯ ಕಪ್ಪು ಎರಡು ದಿನ ಹೋಗಲಿಲ್ಲ. ನಮ್ಮ ಮನೆಗೆ ಒಂದು ಮೀನನ್ನೂ ಒಯ್ಯಲಿಲ್ಲ — ಮೊಟ್ಟೆ ಒಯ್ದೆ. ಥೂ.

ಗಿರಿಜಕ್ಕ ದೋಣಿಗಲ್ ಹತ್ತಿರದ ಒಂದು ಊಟದ ಹೋಟೆಲಿನಲ್ಲಿ ಅಡುಗೆಗಿದ್ದಳು. ಅವಳ ಮೀನುಸಾರಿಗೆಂದೇ ಲಾರಿಯವರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಪೆಟ್ಟಿಗೆ ತೆರೆದವಳೇ ಮುಖ ಹಿಂದಕ್ಕೆ ತೆಗೆದಳು.

"ಏನೋ ಇದು, ಸೀಮೆಎಣ್ಣೆ ವಾಸ್ನೆ ಹೊಡೀತೈತೆ? ಕಿವಿರೆಲ್ಲೋ?"

"ನಿಂಗೇ ಕೆಲ್ಸ ಕಮ್ಮಿ ಆಗ್ಲಿ ಅಂತ ಕಿತ್ತು ತಂದೀನಿ. ಮೊದ್ಲು ಒಲೆ ಹಚ್ಚಿದ್ ಕೈ ತೊಳ್ಕೊಂಡ್ ಬಾ ಅಕ್ಕೋ!"

ತಿಂಡಿಗೆ ಕೂತಿದ್ದವರು ನಕ್ಕರು. ಮಳೆಗಾಲದಲ್ಲಿ ಹಸಿ ಸೌದೆಗೆ ಸೀಮೆಎಣ್ಣೆ ಚಿಮುಕಿಸಿಯೇ ಇಲ್ಲಿ ಒಲೆ ಹಚ್ಚುವುದು. ಸುಳ್ಳು ಎಲ್ಲಿ ಸರಿಯಾಗಿ ಕೂರುತ್ತದೆಂದು ನನಗೆ ಗೊತ್ತಿತ್ತು. ಅವಳು ತನ್ನ ಕೈಯನ್ನೇ ಮೂಸಿ ನೋಡಿಕೊಂಡಳು, ಆಮೇಲೆ ಪೆಟ್ಟಿಗೆಯನ್ನು ಒಳಗೆ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ತಳ್ಳಿ ಎದ್ದರು. ಇಬ್ಬರು ರಸ್ತೆ ಬದಿಯಲ್ಲೇ ಕಾರಿಕೊಂಡರು. ಮಾಲೀಕ ನನ್ನನ್ನು ಕರೆಸಿ ಅವಳ ಎದುರಿಗೇ ಕೇಳಿದ: "ನಿಜ ಹೇಳ್ಬುಡು. ನಿನ್ ಮೀನೋ, ಇವ್ಳ್ ಕೈಯೋ?"

ಒಂದು ಮಾತು ಸಾಕಿತ್ತು.

"ನನ್ ಮೀನ್ ಚೆನ್ನಾಗೈತೆ ಕಣಣ್ಣ. ಎಣ್ಣೆ ಕೈ ನಂದಲ್ಲ."

ಅವತ್ತೇ ಅವಳ ಕೆಲಸ ಹೋಯಿತು. ಉಳಿದ ಮೀನನ್ನು ನಾನು ಸಂಜೆಯೊಳಗೆ ಆಲೂರಿನ ಕಡೆ ಮಾರಿ ಮುಗಿಸಿದೆ — ಹೌದು, ಅದನ್ನೂ ಮಾಡಿದೆ. ಯಾರು ತಿಂದರೋ, ಏನಾಯಿತೋ, ಕೇಳುವುದಕ್ಕೆ ಹೋಗಲಿಲ್ಲ. ಗಿರಿಜಕ್ಕನಿಗೆ 'ಸೀಮೆಎಣ್ಣೆ ಗಿರಿಜ' ಎಂಬ ಹೆಸರು ಅಂಟಿತು. ಆಮೇಲೆ ಯಾವ ಹೋಟೆಲಿನವರೂ, ಯಾವ ಮದುವೆ ಮನೆಯವರೂ ಅವಳನ್ನು ಅಡುಗೆಗೆ ಕರೆಯಲಿಲ್ಲ. ಈಗ ಹೊಂಗಡಹಳ್ಳದ ಎಸ್ಟೇಟೊಂದರಲ್ಲಿ ಕಳೆ ಹೊಡೆಯುತ್ತಾಳೆ.

ಹೋದ ವಾರ ಅಲ್ಲಿಗೆ ಹೋಗಿ, ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ಅವಳ ಬಾಗಿಲಿಗೆ ನಿಂತು ಎಲ್ಲ ಹೇಳಿದೆ. ಬೈದರೆ ಬೈಸಿಕೊಂಡು ಹಗುರಾಗಿ ಮನೆಗೆ ಹೋಗಬಹುದು ಎಂದುಕೊಂಡಿದ್ದೆ — ಅಲ್ಲೂ ತಲೆಯಲ್ಲಿ ವ್ಯಾಪಾರವೇ. ಅವಳು ಕತ್ತಿ ಮಸೆಯುವುದನ್ನು ನಿಲ್ಲಿಸಲೂ ಇಲ್ಲ.

"ನಂಗ್ಯಾಕ್ ಹೇಳ್ತೀಯೋ? ನಂಗ್ ಅವತ್ತೇ ಗೊತ್ತಿತ್ತು. ನಕ್ರಲ್ಲ, ಅವ್ರಿಗ್ ಹೇಳೋಗು."

ಹೋಟೆಲು ಇನ್ನೂ ಇದೆ, ಅದೇ ಮಾಲೀಕ. ಮೀನು ಹಾಕುವವನೂ ನಾನೇ. ಈ ಭಾನುವಾರ ಮಧ್ಯಾಹ್ನ, ಬೆಂಚುಗಳೆಲ್ಲ ತುಂಬಿದ ಹೊತ್ತಿಗೆ ಹೋಗುತ್ತೇನೆ. ಯಾರಾದರೂ ಕೇಳುವವರೆಗೆ ಕಾಯುವುದಿಲ್ಲ. ಮೂಲೆಯಲ್ಲಿ ಉಣ್ಣುತ್ತಿರುವವನಿಗೂ ಕೇಳಿಸುವಂತೆ, ಜೋರಾಗಿ ಹೇಳುತ್ತೇನೆ. ಹೊರಗೆ ನಡಿ ಎಂದರೆ ನಡೆಯುತ್ತೇನೆ — ಅವತ್ತು ಅವಳು ನನ್ನ ಮುಂದೆಯೇ ನಡೆದು ಹೋದಳಲ್ಲ, ಹಾಗೆ.