ಹಿಂದಕ್ಕೆ ಏರಿಸಿದ ಅಲಮಾರಿ

ಹೊಸಪೇಟೆಯ ಶಾಮಿಯಾನ ಅಂಗಡಿಯ ಟ್ರ್ಯಾಕ್ಟರ್ ಡ್ರೈವರ್ ಅವರು. ಪೆಟ್ಟಿಗೆಯಂಥ ಮುಚ್ಚಿದ ಟ್ರೈಲರ್ ತುಂಬಿದ ಮೇಲೆ, ಅದರ ಮೂತಿಯನ್ನು ಕೈಯಿಂದ ಎತ್ತಿ ನೋಡದೆ ಎಂದೂ ಕೊಂಡಿ ಹಾಕಿದವರಲ್ಲ. ಹಗುರಾಗಿ ಎದ್ದರೆ ಸಾಮಾನೆಲ್ಲ ಇಳಿಸಲೇಬೇಕು. "ಭಾರ ಮುಂದಿರ್ಲಿ. ಹಿಂದಾದ್ರ ಗಾಡಿ ಓಲಾಡ್ತೈತ್ರಿ."

ಮಗಳನ್ನು ಸಂಡೂರಿಗೆ ಕೊಟ್ಟರು. ಬೀಗರ ಬಾಗಿಲಲ್ಲಿ ಬಳುವಳಿಯ ಕನ್ನಡಿ ಅಲಮಾರಿಯೇ ಮೊದಲು ಇಳಿದು ನಾಲ್ಕು ಜನರ ಕಣ್ಣಿಗೆ ಬೀಳಲೆಂದು ಮನೆಯವರು ಅದನ್ನು ಕೊನೆಗೆ, ಹಿಂದಕ್ಕೆ ಏರಿಸಿದರು. ಮೂತಿ ಹಗುರಾಗಿ ಎದ್ದಿತು. "ಇವತ್ತೊಂದಿನ ಸುಮ್ನಿರಪ್ಪಾ" ಎಂದಳು ಮಗಳು. ಹಾಗೇ ಕೊಂಡಿ ಹಾಕಿದರು.

ಗುಡ್ಡದ ಇಳಿಜಾರಿನಲ್ಲಿ ಟ್ರೈಲರ್ ಓಲಾಡಿ ಮಗುಚಿತು. ಒಡೆದದ್ದು ಕನ್ನಡಿಯೊಂದೇ. ಆದರೂ ಆ ಮನೆಯಲ್ಲಿ ಏನು ಕೆಟ್ಟರೂ "ಕನ್ನಡಿ ಒಡ್ಕೊಂಡು ಬಂದಾಕಿ" ಎಂದು ಅತ್ತೆ ಸೊಸೆಯನ್ನೇ ಅನ್ನುತ್ತಾಳೆ.

ಮಗಳ ಮನೆಗೆ ಹೋದಾಗ ಅವರು ಈಗಲೂ ಆ ಅಲಮಾರಿಗೆ ಬೆನ್ನು ಮಾಡಿ ಕೂರುತ್ತಾರೆ.