ಬೀಗದಣ್ಣನ ಜರೀಗಿಡ

ಊರಿಗೆಲ್ಲ ಅವರು ಬೀಗದಣ್ಣ. ಎಂಥ ಹಟಮಾರಿ ಬೀಗವನ್ನಾದರೂ ಬಾಯಿ ಬಿಡಿಸುವುದರಲ್ಲಿ ಎತ್ತಿದ ಕೈ. ಮನೆಯ ಹಿಂದೆ ಬಿಸಿಲೇ ಬೀಳದ ಮೂಲೆಯೊಂದಿತ್ತು. ಅಲ್ಲಿ ಅವರ ಹೆಂಡತಿ ಹಳ್ಳದ ದಂಡೆಯಿಂದ ತಂದ, ಹೂವೇ ಬಿಡದೆ ಬರೀ ಗರಿಯಂಥ ಎಲೆಯ ಜರೀಗಿಡ ಬೆಳೆಸಿದ್ದರು. ಬುಡ ಸದಾ ತೇವವಾಗಿರಬೇಕು, ಒಂದು ದಿನ ಮರೆತರೂ ಮುಖ ಸಣ್ಣ ಮಾಡುತ್ತೆ ಅನ್ನುತ್ತಿದ್ದರು.

ಆಕೆ ಆಸ್ಪತ್ರೆ ಸೇರಿದ ಬೇಸಿಗೆಯಲ್ಲಿ ಬೀಗದಣ್ಣ ಅಂಗಡಿ, ವಾರ್ಡು ಅಂತ ಓಡಾಡಿ ಹೈರಾಣಾದರು. ಹಿತ್ತಿಲ ಬಾಗಿಲು ತೆಗೆಯುವ ಹೊತ್ತಿಗೆ ಗಿಡಗಳು ಒಣಗಿ ಮುದುರಿ ಗರಿಗರಿಯಾಗಿದ್ದವು. ಅವತ್ತು ಸಂಜೆ ಆಕೆ ಕೇಳಿದರು:

"ನೀರು ಹಾಕಿದ್ರಾ?"

"ಹಾಕಿದೆ. ಹೊಸ ಎಲೆ ಬಿಟ್ಟಿದೆ."

ಆಮೇಲೆ ದಿನಾ ಅದೇ ಪ್ರಶ್ನೆ, ದಿನಾ ಒಂದು ಹೊಸ ಎಲೆ. ಹದಿನೇಳನೆಯ ದಿನ ಆಕೆ ತೀರಿಕೊಂಡರು.

ಪ್ರಶ್ನೆ ಮಾತ್ರ ಹೋಗಲಿಲ್ಲ. ಸಂಜೆ ಬಂದು ಚಪ್ಪಲಿ ಬಿಡುವಾಗ ಹಿತ್ತಿಲ ಕಡೆಯಿಂದ ಅದೇ ದನಿ. ಗದರಿಕೆಯಿಲ್ಲ, ಅಳುವಿಲ್ಲ, ಅದೇ ಅವರಿಗೆ ತಡೆಯಲಾಗದ್ದು. ರೇಡಿಯೊ ಜೋರು ಮಾಡಿ ನೋಡಿದರು. ದನಿ ಅದರ ಅಡಿಯಿಂದ ಬಂತು.

ಬೇರೆ ಗಿಡ ತರೋಣವೆಂದು ಹೋದರೆ ಹಳ್ಳವನ್ನು ಕಾಂಕ್ರೀಟು ಚರಂಡಿ ಮಾಡಿಬಿಟ್ಟಿದ್ದರು. ಬಿಸಾಡಲು ಮನಸ್ಸಾಗದೆ ಇಟ್ಟುಕೊಂಡಿದ್ದ ಒಣ ಎಲೆಗಳನ್ನು ನರ್ಸರಿಯವಳಿಗೆ ತೋರಿಸಿದರು. ಎಲೆಯಡಿಯ ಈ ಕಂದು ಪುಡಿಯೇ ಇದಕ್ಕೆ ಬೀಜ ಇದ್ದ ಹಾಗೆ ಎಂದಳು ಅವಳು. ಒದ್ದೆ ಇಟ್ಟಿಗೆ ಚೂರಿನ ಮೇಲೆ ಪುಡಿ ಉದುರಿಸಿ ಗಾಜು ಮುಚ್ಚಿದರು. ಎರಡು ತಿಂಗಳಿಗೆ ಪಾಚಿಯಂಥ ಹಸಿರು, ವರ್ಷಕ್ಕೆ ಉಗುರಿನಷ್ಟು ಸುರುಳಿ. ಮೂರು ವರ್ಷಕ್ಕೆ ಮೂಲೆ ತುಂಬಿತು. ಈಗ ಹಾಕಿದೆ ಎಂದರೆ ನಿಜವೇ. ಆದರೂ ದನಿ ನಿಲ್ಲಲಿಲ್ಲ.

ಒಂದು ಭಾನುವಾರ ಹೆಂಡತಿಯ ತಂಗಿ ಬಂದಾಗ ಎಲ್ಲ ಹೇಳಿಕೊಂಡರು. ಅವಳು ಚಹಾ ಮಾಡಿ ತಂದು ಅವರ ಮುಂದಿಟ್ಟಳು.

"ಅಕ್ಕನಿಗೆ ಗೊತ್ತಿತ್ತು ಭಾವ. ಆಸ್ಪತ್ರೆಗೆ ಸೀರೆ ತಗೊಂಡು ಹೋಗೋಕೆ ಬಂದಾಗ ಗಿಡ ಒಣಗಿದ್ದು ನೋಡಿ ನಾನೇ ಹೇಳಿದ್ದೆ."

"ಮತ್ತೆ ದಿನಾ ಯಾಕೆ ಕೇಳ್ತಿದ್ದಳು?"

"ನಿಮ್ಮ ಬಾಯಲ್ಲಿ ಕೇಳೋಕೆ. ಸುಳ್ಳು ಹೇಳೋಕೆ ಬರಲ್ಲ ಪಾಪ, ಆದ್ರೂ ಮಾತಲ್ಲೇ ಎಷ್ಟು ಚೆನ್ನಾಗಿ ಗಿಡ ಬೆಳೆಸ್ತಾರೆ ನೋಡು ಅಂತ ನಗ್ತಿದ್ದಳು."

ಮುಖ ತೊಳೆಯಲು ಎದ್ದ ಬೀಗದಣ್ಣ ಎಷ್ಟು ಹೊತ್ತಾದರೂ ಬರಲಿಲ್ಲ. ಅವಳು ಹೋಗಿ ನೋಡಿದರೆ, ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆ ಎತ್ತಿ ತೋರಿಸುತ್ತಾ ಮಾತಾಡುತ್ತಿದ್ದರು. ನಡುನಡುವೆ ನಿಲ್ಲಿಸಿ, ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ನಕ್ಕರು.

ಅವಳು ಕರೆಯದೆ ಒಳಗೆ ಬಂದು, ಅವರ ಚಹಾಕ್ಕೆ ತಟ್ಟೆ ಮುಚ್ಚಿಟ್ಟು ಕೂತಳು.