ಮಾಳಿಗೆಯ ನೀರು ಯಾರ ಅಂಗಳಕ್ಕೆ

ಮನೆ ಕೊಂಡು ಬಾಡಿಗೆಗೆ ಬಿಡಬೇಕೆನ್ನುವವರು ಈಗಲೂ ನನ್ನ ಬಳಿ ಬುದ್ಧಿ ಕೇಳಲು ಬರುತ್ತಾರೆ. ಗೋಡೆ ಆಮೇಲೆ ನೋಡಿ, ಮೊದಲು ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳುತ್ತದೆ ನೋಡಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂದು ನಕ್ಕು ಹೋಗುತ್ತಾರೆ. ಹೋಗಲಿ.

ನಿಜಾಮರ ಕಾಲದಲ್ಲಿ, ಕಲ್ಯಾಣದಲ್ಲಿದ್ದುಕೊಂಡೇ ನಾನು ಹುಮನಾಬಾದಿನ ಪೇಟೆಯ ಹಿಂದೆ ಮಟ್ಟಸವಾದ ಮಣ್ಣಿನ ಮಾಳಿಗೆ ಹೊದಿಸಿದ ಒಂದು ಮನೆ ಕೊಂಡೆ. ಹೆಂಡತಿಯ ಬಂಗಾರದ ಪಾಟಲಿ ಅದಕ್ಕೇ ಹೋದವು. ಅವಳು ತನ್ನ ಬರಿಗೈ ನೋಡಿಕೊಂಡು, "ಆ ಮನಿ ಬಿದ್ರ ನೀವೂ ಈ ಮನಿಗೆ ಬರಬ್ಯಾಡ್ರಿ" ಎಂದಿದ್ದಳು. ತಮಾಷೆಗೇ ಅಂದಿದ್ದಳೋ ಏನೋ, ನನ್ನ ನೆಮ್ಮದಿ ಮಾತ್ರ ಅಂದೇ ಹೋಯಿತು.

ಕೊಂಡದ್ದು ಸುಡುಬೇಸಿಗೆಯಲ್ಲಿ. ಉರ್ದುವಿನಲ್ಲಿದ್ದ ಖರೀದಿಪತ್ರವನ್ನು ಎರಡು ಸಲ ಓದಿಸಿ ಕೇಳಿದ್ದೆ. ಬಾಗಿಲು, ಕಂಬ, ತೊಲೆ ಎಲ್ಲ ಬಡಿದು ನೋಡಿದ್ದೆ. ಮಾಳಿಗೆಯ ನೀರು ಹೊರಹೋಗುವ ಕಲ್ಲಿನ ದೋಣಿ ಪಕ್ಕದ ಮನೆಯ ಮುದುಕಿಯ ಅಂಗಳದ ಕಡೆ ಚಾಚಿತ್ತು. ಕಣ್ಣಿಗೆ ಬಿದ್ದರೂ ಅದು ನನ್ನ ತಲೆಗೆ ಹೋಗಲಿಲ್ಲ.

ಮನೆಯನ್ನು ಒಬ್ಬ ದರ್ಜಿಗೆ ಬಾಡಿಗೆಗೆ ಕೊಟ್ಟೆ, ಗಂಡಹೆಂಡತಿ ಇಬ್ಬರೇ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ನಾನು ಸುಮ್ಮನಿರಬೇಕಲ್ಲ? ವಾರಕ್ಕೊಮ್ಮೆ ಮೋಟಾರು ಹತ್ತಿ ಹೋಗುತ್ತಿದ್ದೆ. ಗೋಡೆಗೆ ಮೊಳೆ ಯಾಕೆ, ಒಲೆ ಈ ಮೂಲೆಯಲ್ಲಿ ಯಾಕೆ, ಕಂಬಕ್ಕೆ ಆಡು ಯಾಕೆ ಎಂದು ಅಡುಗೆಮನೆಯವರೆಗೂ ಇಣುಕುತ್ತಿದ್ದೆ. ಎರಡು ಮಳೆಗಾಲ ಸಹಿಸಿದ ದರ್ಜಿ ಮೂರನೆಯ ಬೇಸಿಗೆಯಲ್ಲಿ ಬೀಗದ ಕೈ ನನ್ನ ಅಂಗೈಗೆ ಹಾಕಿ, "ನಿಮ್ಮ ಮನಿ ನೀವ ಕಾಯ್ಕೋತ ಕೂಡ್ರಿ" ಎಂದು ಪೇಟೆಯ ಆಚೆ ಬೇರೆ ಮನೆ ಹಿಡಿದ. ಪೀಡೆ ತೊಲಗಿತೆಂದುಕೊಂಡೆ.

ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ನೋಡಿದರೆ ಮಾಳಿಗೆಯ ಮೇಲೆ ಗೇಣಾಳ ನೀರು. ಒಳಗೆ ತೊಲೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ದೋಣಿಗೆ ಹಳೆಯ ಅರಿವೆ, ಮಣ್ಣು ತುರುಕಿಸಿಟ್ಟು ಮುದುಕಿ ತನ್ನ ಅಂಗಳದಲ್ಲಿ ಆರಾಮಾಗಿ ಕೂತಿದ್ದಳು.

"ಆಯಿ, ಇದೇನ್ ಮಾಡೀರಿ? ಮನಿ ಬೀಳ್ತದ!"

"ಬೀಳಲಿ ಬಿಡ್ರಿ. ಆ ದರ್ಜಿ ಹೇಣ್ತಿ ದಿನಾ ನನಗ ನೀರ ಸೇದಿ ಕೊಡತಿದ್ಳು, ತಲಿ ಹಿಕ್ಕತಿದ್ಳು. ಆಕಿ ಮಾರಿ ನೋಡಿ ನೀರ ಬಿಟ್ಕೊಂಡಿದ್ದೆ. ನಿಮ್ಮ ಮಾರಿ ನೋಡಿ ಅಂಗಳ ಯಾಕ ರಾಡಿ ಮಾಡ್ಕೋಲಿ?"

ಖರೀದಿಪತ್ರದಲ್ಲಿ ಅವಳ ಅಂಗಳಕ್ಕೆ ನೀರು ಬಿಡುವ ಹಕ್ಕಿನ ಮಾತೇ ಇರಲಿಲ್ಲ. ಮೋಡ ಮತ್ತೆ ಕವಿಯುತ್ತಿತ್ತು. ಪಾಟಲಿ ಇಲ್ಲದ ಕೈಗಳು ನೆನಪಾಗಿ ನಿಜಕ್ಕೂ ಹೆದರಿದೆ. ಕೆಸರುಗಾಲಲ್ಲೇ ದರ್ಜಿಯ ಮನೆಗೆ ಓಡಿದೆ. ಅವನು ಹೊಲಿಗೆಯಿಂದ ತಲೆ ಎತ್ತಲಿಲ್ಲ. ಅವನ ಹೆಂಡತಿಗೆ ಕೈಮುಗಿದು, "ತಂಗಿ, ಮತ್ತ ಬಂದು ಇರ್ರಿ. ಮೊಳಿ ಹೊಡೀರಿ, ಆಡು ಕಟ್ಟರಿ, ಏನಾದ್ರೂ ಮಾಡ್ರಿ" ಎಂದೆ.

ಅವಳು ಗಂಡನ ಮುಖ ನೋಡಿ, ಆಮೇಲೆ ನನ್ನತ್ತ ತಿರುಗಿದಳು. "ಬರ್ತೀವ್ರಿ ಅಣ್ಣಾರ. ಆದ್ರ ನಾವಿರೋತನಾ ನೀವ ಬರಬ್ಯಾಡ್ರಿ."

ಅಂದೇ ಸಂಜೆ ಅವಳು ಮುದುಕಿಯ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಮಳೆ ಬರುವಷ್ಟರಲ್ಲಿ ದೋಣಿ ತೆರೆದಿತ್ತು.

ನಾನು ಮಾತಿಗೆ ತಪ್ಪಲಿಲ್ಲ. ಆದರೆ ಮಳೆ ಹಿಡಿದಾಗಲೆಲ್ಲ ಕಲ್ಯಾಣದಲ್ಲಿ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಹೆಂಡತಿ ಆ ಬರಿಗೈಯಿಂದಲೇ ನನ್ನ ಅಂಗಿ ಹಿಡಿದು ಕೂರಿಸುತ್ತಿದ್ದಳು.

"ಸುಮ್ಮ ಕೂಡ್ರಿ. ನೀವ ಹೋದ್ರನ ಆ ಮನಿ ಬೀಳ್ತದ."